ಬಿದಿರುಕಾಡಿನ ಆರನೇ ಚೌಕ

ಬಾಳೆಲೆ ಎಂಬ ಊರಿನಿಂದ ಸ್ವಲ್ಪ ದೂರದಲ್ಲಿ, ನಮ್ಮ ಗದ್ದೆಗೂ ಕಾಫಿ ತೋಟಕ್ಕೂ ನಡುವೆ, ಒಂದು ತುಂಡು ಬಿದಿರುಕಾಡು ಇದೆ. ಮೇಲಿನ ತುದಿಯಲ್ಲಿ ನಿಂತು ಕೂಗಿದರೆ ಕೆಳಗಿನ ತುದಿಯಲ್ಲಿರುವವರಿಗೆ ಕೇಳುತ್ತದೆ. ಅಷ್ಟೇ ಉದ್ದ. ಹಿಂದೆ ಅದು ದೊಡ್ಡ ಕಾಡಿನ ಅಂಚಾಗಿತ್ತು ಎಂದು ತಂದೆ ಹೇಳುತ್ತಿದ್ದರು. ಈಗ ಒಂದು ಬದಿಗೆ ಭತ್ತ, ಒಂದು ಬದಿಗೆ ಕಾಫಿ, ಬೇಲಿಯಾಚೆ ಪಕ್ಕದವರ ಶುಂಠಿ. ಮುಳ್ಳುಬಿದಿರಿನ ಮೆಳೆಗಳನ್ನು ಬಿಡಿಸುವುದು ಕಷ್ಟವೆಂಬ ಕಾರಣಕ್ಕೆ ಅದು ಉಳಿದುಕೊಂಡಿತ್ತೇ ಹೊರತು, ಉಳಿಸಬೇಕೆಂದು ಯಾರೂ ಉಳಿಸಿದ್ದಲ್ಲ.

ಪತ್ರಿಕೆಯ ಕೆಲಸ ಮುಗಿಸಿ ತೋಟಕ್ಕೆ ಬಂದು ನೆಲೆಸಿದ ಮೇಲೂ ನಾನು ಅದರೊಳಗೆ ಹೋದದ್ದು ಕಡಿಮೆ. ಅಲ್ಲೇನಿದೆ ಎಂದು ಯಾರಾದರೂ ಕೇಳಿದರೆ 'ಬಿದಿರು' ಎನ್ನುತ್ತಿದ್ದೆ. ವರದಿಗಾರ್ತಿಯಾಗಿದ್ದವಳು ಕೊಡಬಾರದ ಉತ್ತರ ಅದು. ಹಾಗೆಂದು ಗೊತ್ತಾದದ್ದು ಒಂದು ನವೆಂಬರಿನಲ್ಲಿ, ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ಹೆಗಲಿಗೆ ನೈಲಾನ್ ಹಗ್ಗದ ಸುರುಳಿ ಹಾಕಿಕೊಂಡು ಗೇಟಿನ ಬಳಿ ನಿಂತಾಗ.

"ಮೇಡಂ, ನಿಮ್ಮ ಬಿದಿರಿನ್ಯಾಗ ಸ್ವಲ್ಪ ಲೆಕ್ಕ ಮಾಡೋದೈತ್ರಿ," ಎಂದಳು. ಊರು ವಿಜಯಪುರದ ಕಡೆ. ಬಿದಿರನ್ನು ಏಣಿಯಾಗಿ, ಬುಟ್ಟಿಯಾಗಿ ಮಾತ್ರ ಕಂಡು ಬೆಳೆದವಳು.

ಅವಳ ಪ್ರಶ್ನೆ ಸರಳವಾಗಿತ್ತು. ದೊಡ್ಡ ಬಿದಿರುಕಾಡೊಂದು ಗದ್ದೆ ತೋಟಗಳ ನಡುವೆ ತುಂಡು ತುಂಡಾಗಿ ಉಳಿದರೆ, ಪ್ರತಿ ತುಂಡಿನೊಳಗೆ ಎಷ್ಟು ಜಾತಿಯ ಗಿಡಗಳು ಉಳಿಯುತ್ತವೆ? ಹೊಸದಾಗಿ ಯಾವುದು ಬರುತ್ತದೆ, ಯಾವುದು ಹೋಗುತ್ತದೆ? ಅದಕ್ಕಾಗಿ ಈ ಭಾಗದಲ್ಲಿ ಐದು ತುಂಡುಗಳನ್ನು ಆರಿಸಿಕೊಂಡಿದ್ದಳು. ತೀರ ಚಿಕ್ಕವು ಎರಡು, ದೊಡ್ಡವು ಎರಡು. ಮಧ್ಯಮ ಗಾತ್ರದ್ದು ನಮ್ಮದೊಂದೇ. ಒಂದು ವರ್ಷದ ಅವಧಿಯಲ್ಲಿ ಮೂರು ಸಲ ಎಣಿಸಿ ಪ್ರಬಂಧ ಬರೆದು, ಅದರ ಮುಂದಿನ ಜನವರಿಯೊಳಗೆ ಒಪ್ಪಿಸಿ ಊರಿಗೆ ಹೋಗಬೇಕೆಂಬುದು ಅವಳ ಯೋಜನೆ.

ನಮ್ಮ ತೋಟದ ರೈಟರ್ ಅವಳ ಹಗ್ಗವನ್ನೂ ಗೂಟಗಳನ್ನೂ ಅನುಮಾನದಿಂದ ನೋಡಿದರು. ರೈಟರ್ ಎಂದರೆ ಹಾಜರಿ ಬರೆಯುವವರು, ಕೆಲಸ ಹಂಚುವವರು, ಪಂಪು ಕೆಟ್ಟರೆ ರಿಪೇರಿ ಮಾಡುವವರು, ಎಲ್ಲವೂ ಅವರೇ. ಭಾಗಮಂಡಲದ ಕಡೆಯವರು, ಮನೆಯಲ್ಲಿ ಆಡುವುದು ಅರೆಭಾಷೆ. ನಮ್ಮ ಹತ್ತಿರ ಕನ್ನಡ ಮಾತಾಡುವಾಗಲೂ ಅದರ ತುಣುಕುಗಳು ಉದುರುತ್ತವೆ, 'ಇದೆ' ಎನ್ನುವಲ್ಲಿ 'ಉಟ್ಟು', 'ಇಲ್ಲ' ಎನ್ನುವಲ್ಲಿ 'ಇಲ್ಲೆ'.

"ಇದೆಂತ ಮಾರಾಯ್ರೆ, ಕಳೆ ಲೆಕ್ಕ ಹಾಕ್ಲಿಕ್ಕೂ ಕಾಲೇಜ್ ಉಟ್ಟಾ?" ಎಂದರು.

"ಕಳೆ ಅಲ್ರಿ ಅಣ್ಣಾರ. ಹೆಸರ ಗೊತ್ತಿದ್ರ ಗಿಡ, ಗೊತ್ತಿಲ್ಲಂದ್ರ ಕಳೆ."

"ಹಾಗಾದ್ರೆ ನಂಗೆ ಕಂಡದ್ದೆಲ್ಲ ಕಳೆಯೇ," ಎಂದು ರೈಟರ್ ನಕ್ಕು ಗೂಟ ಹೊಡೆಯಲು ಸುತ್ತಿಗೆ ತಂದರು.

ಎಂಟು ಚೌಕಗಳಾದವು. ನಾಲ್ಕು ಮೂಲೆಗೆ ನಾಲ್ಕು ಗೂಟ, ಸುತ್ತ ಹಗ್ಗ. ಅವಳು ಮೊಣಕಾಲೂರಿ ಕುಳಿತು ಒಂದೊಂದು ಸಸಿಯನ್ನೂ ಮುಟ್ಟಿ ಹೆಸರು ಹೇಳುತ್ತಿದ್ದಳು. ನಾನು ಬರೆದುಕೊಳ್ಳುತ್ತಿದ್ದೆ. ಬೆರಳುಗುರಿನಷ್ಟು ಅಗಲದ ಅಲ್ಯೂಮಿನಿಯಂ ಬಿಲ್ಲೆಗಳಲ್ಲಿ ನಂಬರು ಕೊರೆದು, ಸಸಿಯ ಕಾಂಡಕ್ಕೆ ಸಡಿಲವಾಗಿ ಕಟ್ಟುತ್ತಿದ್ದಳು. ಆಮೇಲೆ ಗೆರೆಹಾಳೆಯ ಮೇಲೆ ಆ ಸಸಿ ಚೌಕದಲ್ಲಿ ಎಲ್ಲಿದೆ ಎಂದು ಚುಕ್ಕಿ ಇಡುತ್ತಿದ್ದಳು.

ನಾನು ಹುಲ್ಲು ಎಂದುಕೊಂಡಿದ್ದದ್ದು ಬಿದಿರಿನ ಸಸಿಗಳಾಗಿದ್ದವು. ಕೆಲವು ವರ್ಷಗಳ ಹಿಂದೆ ಹಳೆಯ ಮೆಳೆಗಳು ಹೂಬಿಟ್ಟು ಒಣಗಿದಾಗ ಉದುರಿದ ಬಿದಿರಕ್ಕಿಯಿಂದ ಎದ್ದವು. ಅವುಗಳ ನಡುವೆ ನಂದಿ, ಬೀಟೆ, ಹೊನ್ನೆ ಮರಗಳ ಸಸಿಗಳು. ಸೀಗೆಯ ಬಳ್ಳಿ, ಶತಾವರಿ. ತೇವ ಇರುವಲ್ಲಿ, ಮಳೆಗಾಲದ ಆಟಿ ತಿಂಗಳ ಪಾಯಸಕ್ಕೆ ಬಳಸುವ ಮದ್ದುಸೊಪ್ಪು. ಇವೆಲ್ಲ ಕಾಡಿನವು. ಆದರೆ ಅವುಗಳ ಜೊತೆಗೇ ಕಾಫಿ ಸಸಿಗಳಿದ್ದವು, ಯಾರೂ ನೆಡದೆ. ಪುನುಗು ಬೆಕ್ಕು ಹಣ್ಣು ತಿಂದು ಬೀಜವನ್ನು ಅಲ್ಲಿ ಬಿಟ್ಟುಹೋಗಿತ್ತು. ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಮರದ ಬೀಜ ಗಾಳಿಯಲ್ಲಿ ಬಂದಿತ್ತು. ಗದ್ದೆಯ ಬದಿಯ ಎರಡನೇ ಚೌಕದಲ್ಲಿ, ಯಾರ ಬುತ್ತಿಯಿಂದ ಬಿದ್ದದ್ದೋ, ಒಂದು ಸೂಜಿಮೆಣಸಿನ ಗಿಡ. ಅದಕ್ಕೂ ಅವಳು ನಂಬರು ಕಟ್ಟಿದಳು. ಬೇಲಿ ಇದ್ದದ್ದು ನಮ್ಮ ಲೆಕ್ಕಕ್ಕೆ ಮಾತ್ರ.

ಎರಡನೇ ಎಣಿಕೆ ಮಾರ್ಚ್ ಮೊದಲ ವಾರ, ಕಾಫಿ ಅರಳಿಸುವ ಹೂಮಳೆಗೆ ಮುಂಚೆ, ನೆಲ ಒಣಗಿ ಬಿರಿದಿದ್ದಾಗ. ಮಳೆಗಾಲದಲ್ಲಿ ಎಣಿಸಲಿಲ್ಲ. ಆ ತಿಂಗಳುಗಳಲ್ಲಿ ಎಳೆ ಬಿದಿರಿಗೆ ಆನೆ ಬರುತ್ತದೆ. ಒಳಗೆ ಮೊಣಕಾಲೂರಿ ಕುಳಿತುಕೊಳ್ಳುವ ಕೆಲಸ ಆಗದು ಎಂದು ಅವಳ ಮಾರ್ಗದರ್ಶಕರೂ ನಾನೂ ಹೇಳಿದ್ದೆವು. ಮೂರನೆಯದು, ಕೊನೆಯದು, ಮತ್ತೆ ನವೆಂಬರಿಗೆ. ಆ ಸಲ ಮಾರ್ಗದರ್ಶಕರೇ ಚೌಕಗಳನ್ನು ನೋಡಲು ಬರುವವರಿದ್ದರು.

ನಾನು ಆ ವಾರ ಕುಶಾಲನಗರದಲ್ಲಿ ತಂಗಿಯ ಮನೆಯಲ್ಲಿದ್ದೆ. ವಿದ್ಯಾರ್ಥಿನಿಯ ಸಾರ್ ಬರುತ್ತಾರಂತೆ ಎಂದು ರೈಟರಿಗೆ ಫೋನಿನಲ್ಲಿ ಹೇಳಿದೆ. ಬೇರೇನೂ ಹೇಳಲಿಲ್ಲ. ತಪ್ಪು ಶುರುವಾದದ್ದು ಅಲ್ಲಿಂದ. ಅದರಲ್ಲಿ ನನ್ನ ಪಾಲು ಎಷ್ಟೆಂದು ಆಮೇಲೆ ಲೆಕ್ಕ ಹಾಕಿದ್ದೇನೆ.

ಕಾಫಿ ತೋಟದಲ್ಲಿ ನವೆಂಬರ್ ಎಂದರೆ ಪಿಕಿಂಗಿಗೆ, ಹಣ್ಣು ಕೊಯ್ಲಿಗೆ, ಮೊದಲಿನ ಕಳೆ ಕೆಲಸ. ಗಿಡದ ಬುಡದಲ್ಲಿ ಬಿದ್ದ ಹಣ್ಣು ಕಾಣಬೇಕಾದರೆ ಕೆಳಗಿನದ್ದನ್ನೆಲ್ಲ ಕತ್ತಿಯಲ್ಲಿ ಸವರಬೇಕು. "ನೆಲ ಕಾಣ್ಬೇಕು" ಎಂಬುದು ನಮ್ಮ ರೈಟರ್ ಕೆಲಸದವರಿಗೆ ದಿನಕ್ಕೆ ಹತ್ತು ಸಲ ಹೇಳುವ ಮಾತು. ನೆಲ ಕಾಣುವ ತೋಟ ಒಳ್ಳೆಯ ತೋಟ. ಬೇರೆ ತೋಟದ ರೈಟರುಗಳು ಬಂದಾಗ ಮೊದಲು ನೋಡುವುದು ಅದನ್ನೇ. ಇನ್ನು ದೊಡ್ಡವರೊಬ್ಬರು ಬರುತ್ತಾರೆಂದರೆ ಹೇಳಬೇಕೇ?

ನಾನು ವಾಪಸು ಬಂದ ದಿನವೇ ವಿದ್ಯಾರ್ಥಿನಿಯೂ ಬಂದಳು. ಮಾರ್ಗದರ್ಶಕರು ಮರುದಿನ ಬರುವವರು. ರೈಟರ್ ಮುಂದೆ ಮುಂದೆ ನಡೆದರು. ಆ ನಡಿಗೆಯಲ್ಲೇ ಏನೋ ತೋರಿಸುವ ಉತ್ಸಾಹವಿತ್ತು.

"ನೋಡಿ ಮೇಡಂ. ನಾಳೆ ನಿಮ್ಮ ಸಾರ್ ಚಪ್ಪಲಿಯಲ್ಲೇ ಬರ್ಬೋದು. ಒಂದು ಮುಳ್ಳು ಇಲ್ಲೆ."

ಬಿದಿರಿನ ಮೆಳೆಗಳು ಹಾಗೇ ಇದ್ದವು. ಅವುಗಳ ಕೆಳಗೆ ನೆಲ ಕಾಣುತ್ತಿತ್ತು. ಗೂಟಗಳಿಗೆಲ್ಲ ಸುಣ್ಣ ಬಳಿದಿತ್ತು. ಹಗ್ಗ ಬಿಗಿಯಾಗಿ, ನೇರವಾಗಿ ಕಟ್ಟಿತ್ತು. ಹಗ್ಗದೊಳಗೆ ಸವರಿದ ಕಡ್ಡಿಗಳ ಮೊಂಡು ತುದಿಗಳು ಬಿಟ್ಟರೆ ಏನೂ ಇರಲಿಲ್ಲ.

ಅವಳು ಒಂದು ಚೌಕದಿಂದ ಇನ್ನೊಂದಕ್ಕೆ ಹೋದಳು.

ಅವಳ ಮುಖ ನೋಡಿ ರೈಟರಿಗೂ ಏನೋ ಅನಿಸಿರಬೇಕು. ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. "ನಿಮ್ಮ ನಂಬರ್ ಎಲ್ಲ ಜೋಪಾನ ಉಟ್ಟು. ಕಡಿಯೋ ಮೊದ್ಲು ಬಿಚ್ಚಿಸಿದ್ದೇನೆ. ಒಂದೂ ಕಳೀಲಿಲ್ಲೆ."

ಕವರಿನೊಳಗೆ ಬಿಲ್ಲೆಗಳು ಗಲಗಲ ಎಂದವು.

"ಇದೇನ್ ಮಾಡೀರಿ ಅಣ್ಣಾರ," ಎಂದಳು ಅವಳು. ಬೈಗುಳದ ದನಿಯಲ್ಲಲ್ಲ. ಇನ್ನೂ ನಂಬಲಾಗದವಳ ದನಿ.

"ಎಂಟನೇದು ಮಾತ್ರ ಆಗ್ಲಿಲ್ಲೆ," ರೈಟರ್ ತಪ್ಪೊಪ್ಪಿಕೊಳ್ಳುವವರಂತೆ ಹೇಳಿದರು. "ಅಲ್ಲಿ ಕಣಜ ಗೂಡು ಕಟ್ಟಿದೆ. ಹೆಂಗಸರು ಹೆದರಿ ಬಿಟ್ರು. ಸಾರಿ ಮೇಡಂ."

ಅವಳಿಗೆ ನಗು ಬಂತು, ನಗುತ್ತಲೇ ಕಣ್ಣೊರೆಸಿಕೊಂಡಳು. ರೈಟರ್ ನನ್ನ ಕಡೆ ನೋಡಿದರು. ಚೌಕಗಳಲ್ಲಿ ಏನನ್ನೂ ಮುಟ್ಟಬಾರದಿತ್ತು ಎಂದು ನಾನು ಆಗ ಹೇಳಿದೆ. ಒಂದು ವರ್ಷ ತಡವಾಗಿ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಗದ್ದೆಯ ಕಡೆ ತಿರುಗಿ ನಿಂತರು.

ಅವಳು ಒಂದನೇ ಚೌಕದ ಬಳಿ ಕುಳಿತು ಮಾರ್ಚಿನ ಹಾಳೆ ತೆರೆದಳು. ಪಕ್ಕದಲ್ಲಿ ನವೆಂಬರಿನ ಖಾಲಿ ಹಾಳೆ. ಬಹಳ ಹೊತ್ತು ಎರಡನ್ನೂ ನೋಡಿದಳು.

"ಮೇಡಂ, ಮಾರ್ಚಿಂದಽ ಇದರಾಗ ಇಳಿಸಿ, ಒಂದೆರಡು ಹೆಚ್ಚು ಕಮ್ಮಿ ಮಾಡಿದ್ರ ಯಾರಿಗೂ ಗೊತ್ತಾಗಂಗಿಲ್ಲ, ಅಲ್ರಿ?"

ನನ್ನ ಕೆಲಸದ ದಿನಗಳಲ್ಲಿ ಇಂಥ ಪ್ರಶ್ನೆ ಹೊಸತಾಗಿರಲಿಲ್ಲ. ಸಭೆಗೆ ಹೋಗಲಾಗದ ವರದಿಗಾರ, ಹಿಂದಿನ ವರ್ಷದ ವರದಿ ತೆಗೆದು ದಿನಾಂಕ ಬದಲಿಸುವ ಆಸೆ. ಹಾಗೆ ಮಾಡಿದವರಿಗೆ ಉಪದೇಶ ಕೊಟ್ಟು ಪ್ರಯೋಜನವಾದದ್ದನ್ನು ನಾನು ಕಂಡಿಲ್ಲ.

"ಯಾರಿಗೂ ಗೊತ್ತಾಗಲ್ಲ, ನಿಜ," ಎಂದೆ. "ಆದರೆ ಈ ವರ್ಷ ಹೊಸದಾಗಿ ಏನು ಬಂದಿತ್ತು ಅನ್ನೋದು ನಿಂಗೂ ಗೊತ್ತಾಗಲ್ಲ."

ಅವಳು ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಬಗ್ಗಿ ಒಂದು ಮೊಂಡು ತುದಿಯನ್ನು ಬೆರಳಲ್ಲಿ ಉಜ್ಜಿ, ಮೂಸಿ ನೋಡಿದಳು. "ಇದು ನಂದಿ ಅದಽ. ಚುಕ್ಕಿ ಇಲ್ಲೇ ಐತಿ ನೋಡ್ರಿ. ಬುಡ ಜೀವಂತ ಐತಿ."

ಹೀಗೆ ಆ ಮಧ್ಯಾಹ್ನದ ಕೆಲಸ ಆರಂಭವಾಯಿತು. ಹಳೆಯ ಸಸಿಗಳ ಮಟ್ಟಿಗೆ ಹಾಳೆಯ ಚುಕ್ಕಿ ದಾರಿ ತೋರಿಸಿತು. ಚುಕ್ಕಿ ಇದ್ದಲ್ಲಿ ಬುಡ ಇದ್ದರೆ 'ಕಡಿದಿದೆ, ಬುಡ ಇದೆ' ಎಂದು ಬರೆದೆವು. ಇಲ್ಲದಿದ್ದರೆ 'ಕಾಣಲಿಲ್ಲ'. ತೊಂದರೆ ಇದ್ದದ್ದು ಮಾರ್ಚಿನ ನಂತರ ಬಂದವುಗಳದ್ದು. ಅವಕ್ಕೆ ಚುಕ್ಕಿ ಇಲ್ಲ, ನಂಬರಿಲ್ಲ. ಕಡಿದ ಸೊಪ್ಪನ್ನೆಲ್ಲ ವಾಡಿಕೆಯಂತೆ ಕಾಫಿ ಗಿಡಗಳ ಬುಡಕ್ಕೆ ಹಾಕಿಯಾಗಿತ್ತು. ಯಾವುದು ಯಾವ ಚೌಕದ್ದೆಂದು ಸೊಪ್ಪು ಹೇಳುವುದಿಲ್ಲ.

ಕಡಿದವರನ್ನು ಕೇಳೋಣ ಎಂದು ನಾನೇ ಹೇಳಿದೆ. ಕಡಿದವರು ಇಬ್ಬರು, ಲೈನಿನಲ್ಲಿ, ಎಂದರೆ ಕೆಲಸದವರ ಸಾಲುಮನೆಯಲ್ಲಿ, ಇರುವ ಅಜ್ಜಿ ಮತ್ತು ಅವರ ಸೊಸೆ. ಅಜ್ಜಿ ಈ ತೋಟಕ್ಕೆ ನನಗಿಂತ ಹಳಬರು. ಮನೆಮಾತು ಮಲಯಾಳಂ. ನಮ್ಮೊಡನೆ ಆಡುವ ಕನ್ನಡದಲ್ಲಿ ನಾಲ್ಕು ಭಾಷೆ ಸೇರಿರುತ್ತದೆ.

ಪತ್ರಿಕೆಯಲ್ಲಿ ಒಂದು ನಿಯಮವಿತ್ತು. ಕಣ್ಣಾರೆ ಕಾಣದ ಸಂಗತಿಯನ್ನು ಇಬ್ಬರು ಬೇರೆ ಬೇರೆಯಾಗಿ ಹೇಳಬೇಕು, ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಬಿದ್ದಿರಬಾರದು. ಅಜ್ಜಿಯನ್ನು ಮೇಲಿನ ತುದಿಯಲ್ಲಿ ಕೂರಿಸಿ, ಸೊಸೆಯನ್ನು ಗದ್ದೆಯ ಬದುವಿಗೆ ಕರೆದುಕೊಂಡು ಹೋದೆ.

"ಇದೆಂತ ಅಕ್ಕಾ, ಪೊಲೀಸ್ ಸ್ಟೇಷನಾ?" ಅಜ್ಜಿ ಅಲ್ಲಿಂದಲೇ ಕೂಗಿದರು. "ಕತ್ತಿ ಕೊಟ್ಟವರು ಅಲ್ಲಿ ನಿಂತಿದಾರೆ, ಅವ್ರನ್ನ ಹಿಡೀರಿ!"

ರೈಟರ್ ಟೋಪಿ ಇನ್ನೂ ತಲೆಗೆ ಹಾಕಿಕೊಂಡಿರಲಿಲ್ಲ.

ಸೊಸೆ ನನಗೆ ಮೆಲ್ಲಗೆ ಹೇಳಿದಳು, "ಅತ್ತೆ ಏನು ಹೇಳಿದ್ರು ಅಂತ ಹೇಳಿ ಅಕ್ಕಾ, ನಾನೂ ಅದೇ ಹೇಳ್ತೀನಿ."

"ಹಾಗೆ ಹೇಳಬಾರ್ದು ಅಂತಲೇ ನಿನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದು."

"ಆಮೇಲೆ ಬೇರೆ ಆದ್ರೆ ಮನೇಲಿ ಬೈಯೋದು ನಂಗೆ."

ಆದರೂ ಹೇಳಿದಳು. ಇಬ್ಬರಿಗೂ ಆಶ್ಚರ್ಯವಾಗುವಷ್ಟು ನೆನಪಿತ್ತು. ಕತ್ತಿ ಹಿಡಿದ ಕೈಗೆ ಯಾವುದು ಮೆತ್ತಗೆ, ಯಾವುದು ಗಟ್ಟಿ, ಯಾವುದರ ಹಾಲು ಅಂಟುತ್ತದೆ, ಯಾವುದು ತುರಿಸುತ್ತದೆ ಎಂಬುದು ಗೊತ್ತು. ಮೂರನೇ ಚೌಕದಲ್ಲಿ ಅಂಗೈ ತುರಿಸುವ ಒಂದು ಬಳ್ಳಿ ಹೊಸತು ಎಂದು ಇಬ್ಬರೂ ಹೇಳಿದರು. ಬುಡವೂ ಸಿಕ್ಕಿತು. ಬರೆದೆವು. ಐದನೆಯದರಲ್ಲಿ ನೆಲ್ಲಿ ಸಸಿ ಎರಡು ಎಂದರು ಅಜ್ಜಿ, ಸೊಸೆ ಮೂರು ಎಂದಳು. ಬುಡ ಮೂರಿದ್ದವು. ಮದ್ದುಸೊಪ್ಪನ್ನು ಮಾತ್ರ ಇಬ್ಬರೂ ಎಲ್ಲೂ ಕಡಿದಿರಲಿಲ್ಲ. ಆಟಿಗೆ ಬೇಕಲ್ಲ ಎಂದರು. ನೆಲದ ಮೇಲೆ ಅಲ್ಲೊಂದು ಇಲ್ಲೊಂದು ಅದು ನಿಂತೇ ಇತ್ತು, ನಾವು ಮೊದಲ ನೋಟಕ್ಕೆ ಕಂಡಿರಲಿಲ್ಲ ಅಷ್ಟೇ.

ಆರನೇ ಚೌಕಕ್ಕೆ ಬಂದಾಗ ಅಜ್ಜಿ ಮೂಲೆಯೊಂದನ್ನು ತೋರಿಸಿದರು. ಕಲ್ಲಿನ ಪಕ್ಕ.

"ಇಲ್ಲೊಂದು ಇತ್ತು. ಶುಂಠಿ ಥರ ಎಲೆ, ಶುಂಠಿ ಅಲ್ಲ. ಎಲೆ ಹಿಂದೆ ಕೆಂಪು. ಮಳೇಲಿ ಕಣಿಲೆ ಕಡಿಯೋಕೆ ಬಂದಾಗ ಇಷ್ಟುದ್ದ ಇತ್ತು. ಮೊನ್ನೆ ಹಳದಿ ಆಗಿ ಬಿದ್ದಿತ್ತು, ಕಿತ್ತು ಬಿಸಾಕಿದೆ." ಕಣಿಲೆ ಎಂದರೆ ಎಳೆ ಬಿದಿರ ಮೊಳಕೆ. ಆನೆ ಬರುತ್ತದೆಂದು ನಾವು ಹೆದರಿದ ತಿಂಗಳುಗಳಲ್ಲಿ ಅಜ್ಜಿ ಅದಕ್ಕಾಗಿ ಅಲ್ಲಿ ಓಡಾಡುತ್ತಲೇ ಇದ್ದರು.

ಸೊಸೆ ಆ ಮೂಲೆಯನ್ನು ಸವರಿರಲಿಲ್ಲ, ಏನೂ ಕಂಡಿರಲಿಲ್ಲ. ಕಲ್ಲಿನ ಪಕ್ಕ ಬುಡವೂ ಇರಲಿಲ್ಲ. ಹೆಸರು ಕೇಳಿದರೆ ಅಜ್ಜಿಗೆ ಗೊತ್ತಿಲ್ಲ.

"ಬರೀಲೇನ್ರಿ?" ವಿದ್ಯಾರ್ಥಿನಿ ನನ್ನನ್ನು ಕೇಳಿದಳು.

"ಬೇಡ. ಒಬ್ಬರೇ ಹೇಳಿದ್ದು. ಕುರುಹು ಇಲ್ಲ."

ಅಜ್ಜಿಗೆ ಅರ್ಥವಾಯಿತು. ಎದ್ದು ಸೊಂಟದ ಬಟ್ಟೆ ಕೊಡವಿಕೊಂಡರು. "ಆಯ್ತು ಅಕ್ಕಾ. ನಾನು ಕಣ್ಣಲ್ಲಿ ಕಂಡದ್ದು ಸುಳ್ಳು. ಈ ಮೋಳೆ ಪೇಪರಲ್ಲಿ ಚುಕ್ಕಿ ಇಟ್ಟದ್ದು ಸತ್ಯ." ಮೋಳೆ ಎಂದರೆ ಮಗಳೇ. ಬೈಯುವಾಗಲೂ ಅವಳನ್ನು ಹಾಗೆಯೇ ಕರೆಯುತ್ತಿದ್ದರು.

ಮರುದಿನ ಬಂದ ಮಾರ್ಗದರ್ಶಕರು ಬೂಟು ಹಾಕಿಕೊಂಡು ಬಂದಿದ್ದರು. ಸುಣ್ಣದ ಗೂಟಗಳನ್ನು ನೋಡಿದರು, ಹಾಳೆಗಳನ್ನು ನಿಂತೇ ಓದಿದರು. ಬೈಯಲಿಲ್ಲ. ಎರಡು ದಾರಿ ಇದೆ ಎಂದರು. ಈ ತುಂಡನ್ನು ಕೈಬಿಟ್ಟು ಉಳಿದ ನಾಲ್ಕರ ಮೇಲೆ ಬರೆದು ಜನವರಿಗೆ ಮುಗಿಸಬಹುದು. ಆಗ ಚಿಕ್ಕದಕ್ಕೂ ದೊಡ್ಡದಕ್ಕೂ ನಡುವೆ ಏನಾಗುತ್ತದೆ ಎಂಬುದಕ್ಕೆ ಉತ್ತರವಿರುವುದಿಲ್ಲ. ಇಲ್ಲವೇ ಇನ್ನೊಂದು ವರ್ಷ ಇದ್ದು, ಕಡಿದ ಏಳು ಚೌಕಗಳಲ್ಲಿ ಏನು ಮರಳುತ್ತದೆ, ಕಣಜ ಕಾಪಾಡಿದ ಎಂಟನೆಯದರಲ್ಲಿ ಏನಿದೆ ಎಂದು ನೋಡಬಹುದು.

ಅವಳ ಮನೆಯಲ್ಲಿ ಸಂಕ್ರಾಂತಿಗೆ ಬರುತ್ತಾಳೆಂದು ಕಾಯುತ್ತಿದ್ದರು. ಒಂದು ವರ್ಷ ಎಂದರೆ ಹಾಸ್ಟೆಲ್, ಖರ್ಚು, ಮುಂದಿನ ಪರೀಕ್ಷೆಗಳು, ಎಲ್ಲವೂ ಒಂದು ವರ್ಷ ಹಿಂದೆ. ಸಂಜೆ ಗೇಟಿನವರೆಗೆ ಅವಳೊಡನೆ ನಡೆದೆ. ರೈಟರ್ ಆಗಲೇ ಬೈಕ್ ತಂದು ನಿಲ್ಲಿಸಿದ್ದರು. ಬಸ್ಸಿನವರೆಗೆ ಬಿಡುತ್ತೇನೆಂದು ಅವರೇ ಹೇಳಿದ್ದರು.

"ಇರ್ತೀನ್ರಿ," ಎಂದಳು. "ಆರನೇದರಾಗ ಅಜ್ಜಿ ಹೇಳಿದ್ದು ಏನಂತ ನೋಡಬೇಕು."

ಹೂಮಳೆ ಮುಂದಿನ ವರ್ಷ ಮಾರ್ಚ್ ಕೊನೆಯಲ್ಲಿ ಬಂತು. ಒಂಬತ್ತು ದಿನ ಕಳೆದು ತೋಟ ಪೂರ್ತಿ ಬೆಳ್ಳಗೆ ಅರಳಿದ ಬೆಳಿಗ್ಗೆ, ನಾನು ಕಣದಲ್ಲಿ ನಿಂತು ಚಹಾ ಕುಡಿಯುತ್ತಿದ್ದಾಗ ಅಜ್ಜಿ ಬಂದರು. ಕೆಲಸದ ದಿನವಲ್ಲ. "ಬಾ ಅಕ್ಕಾ," ಎಂದರು, ಅಷ್ಟೇ.

ಆರನೇ ಚೌಕದ ಮೂಲೆಯಲ್ಲಿ, ಕಲ್ಲಿನ ಪಕ್ಕ, ನೆಲದಿಂದ ನೇರವಾಗಿ ಎರಡು ಹೂ ಎದ್ದಿದ್ದವು. ಎಲೆ ಇಲ್ಲ, ಕಾಂಡ ಇಲ್ಲ. ಬಿಳಿ ದಳ, ಒಳಗೆ ನೇರಳೆ. ಬಗ್ಗಿದರೆ ಕಾಫಿ ಹೂವಿನ ವಾಸನೆಯ ನಡುವೆಯೂ ಬೇರೊಂದು ತೆಳು ಪರಿಮಳ. ಸವರಿದ ನೆಲದಲ್ಲಿ ಹೊಸ ಚಿಗುರು ಇನ್ನೂ ಗಿಡ್ಡವಾಗಿತ್ತು. ಹಿಂದಿನಂತೆ ಬಿದಿರಿನ ಸಸಿ ದಟ್ಟವಾಗಿದ್ದಿದ್ದರೆ ಅವು ಕಣ್ಣಿಗೆ ಬೀಳುತ್ತಿದ್ದವೋ ಇಲ್ಲವೋ ಹೇಳಲಾರೆ.

"ಈಗ ಬರೀಬೋದಾ?" ಅಜ್ಜಿ ಕೇಳಿದರು. "ಇಬ್ರಾದ್ವಲ್ಲ."

ಫೋನು ಮಾಡಿದೆ. ಅವಳು ಮೊದಲ ಬಸ್ಸಿಗೆ ಬಂದಳು. ರೈಟರೂ ಬಂದು ಹಗ್ಗದ ಹೊರಗೆ ನಿಂತರು; ಆ ನವೆಂಬರಿನಿಂದ ಅವರು ಹಗ್ಗ ದಾಟಿದ್ದಿಲ್ಲ. ಅವಳು ಬೋರಲಾಗಿ ಮಲಗಿ ಹೂವಿನ ಒಳಗನ್ನು ಲೆನ್ಸಿನಲ್ಲಿ ನೋಡಿದಳು. ಶುಂಠಿ, ಅರಿಶಿನದ ಸಂಬಂಧಿಯೇ, ನೆಲಸಂಪಿಗೆ ಎಂದು ಕರೆಯುವ ಗಿಡವಿರಬೇಕು, ಎಲೆ ಬಂದ ಮೇಲೆ ಖಚಿತ ಮಾಡುತ್ತೇನೆ ಎಂದಳು. ಮೊದಲು ಹೂ, ಮಳೆ ಹಿಡಿದ ಮೇಲೆ ಎಲೆ, ನವೆಂಬರಿಗೆ ಎಲೆ ಒಣಗಿ ಗೆಡ್ಡೆ ಮಾತ್ರ ಉಳಿಯುತ್ತದೆ. ನಾವು ಎಣಿಸಿದ್ದು ನವೆಂಬರ್, ಮಾರ್ಚ್ ಮೊದಲ ವಾರ, ಮತ್ತೆ ನವೆಂಬರ್. ನಾವು ಬಂದಾಗಲೆಲ್ಲ ಅದು ನೆಲದೊಳಗಿತ್ತು.

ಹಿಂದಿನ ನವೆಂಬರಿನ ಹಾಳೆಯಲ್ಲಿ ಈಗ ಸೇರಿಸಬಹುದು ಎಂದು ನಾನೇ ಹೇಳಿದೆ. ಅವಳು ಒಪ್ಪಲಿಲ್ಲ.

"ಆವತ್ತು ನೀವಽ ಬ್ಯಾಡ ಅಂದೀರಿ. ಆವತ್ತಿಂದು ಹಂಗಽ ಇರ್ಲಿ." ಆದರೆ ಹೊಸ ಪುಸ್ತಕದಲ್ಲಿ ಒಂದು ಕಾಲಂ ಹೆಚ್ಚು ಎಳೆದಳು. ಅದರ ತಲೆಯ ಮೇಲೆ 'ಮಳೆಗಾಲದಲ್ಲಿ ಕಂಡವರು ಹೇಳಿದ್ದು' ಎಂದು ಬರೆದಳು.

ಆ ವರ್ಷ ಮಳೆಗಾಲದಲ್ಲಿ ಅವಳು ಎರಡು ಸಲ ಒಳಗೆ ಹೋದಳು. ಹಗಲು ಹೊತ್ತು, ಆನೆ ಕಾವಲಿನವರನ್ನು ಕೇಳಿಕೊಂಡು, ಅಜ್ಜಿಯ ಹಿಂದೆ. ಎಲೆ ಬಂದಿತ್ತು, ಹಿಂಭಾಗ ಕೆಂಪು. ಹೊಸ ಕಾಲಮ್ಮಿನಲ್ಲಿ ಸಾಲುಗಳು ಏರಿದವು. ಕಡಿದ ಬುಡಗಳಲ್ಲಿ ನಂದಿ ಎರಡೆರಡು ಕವಲೊಡೆದಿತ್ತು. ಬೀಟೆ ಬೇರಿನಿಂದಲೇ ಎದ್ದಿತ್ತು. ಸೂಜಿಮೆಣಸು ಬರಲಿಲ್ಲ.

ಕೊನೆಯ ಎಣಿಕೆ ನವೆಂಬರಿನಲ್ಲಿ. ತೋಟದಲ್ಲಿ ಕಳೆ ಕೆಲಸ ನಡೆಯುತ್ತಿತ್ತು. ಬಿದಿರಿನ ಅಂಚಿಗೆ ಬಂದ ಕೆಲಸದವರಿಗೆ ರೈಟರ್ ಕೂಗುವುದು ಕೇಳಿಸಿತು. "ಅಲ್ಲಿಂದ ಆಚೆ ಬೇಡ! ಅಲ್ಲಿ ನೆಲ ಕಾಣ್ಬಾರ್ದು!"

ಉಳಿದ ಏಳು ಚೌಕ ಮುಗಿಸಿ ಅವಳು ಕೊನೆಗೆ ಆರನೆಯದಕ್ಕೆ ಬಂದಳು. ಎಲೆ ಹಳದಿಯಾಗಿ, ಕಲ್ಲಿಗೆ ಒರಗಿ ಬಿದ್ದು, ಮುಟ್ಟಿದರೆ ಕೈಗೇ ಬರುವಂತಿತ್ತು. ನಂಬರಿನ ಬಿಲ್ಲೆ ಕಟ್ಟಲು ಕಾಂಡವಿರಲಿಲ್ಲ. ಬಿದಿರಿನ ಒಂದು ಸೀಳನ್ನು ನೆಲಕ್ಕೆ ಚುಚ್ಚಿ, ಬಿಲ್ಲೆಯನ್ನು ಅದಕ್ಕೆ ಕಟ್ಟಿದಳು. ಹಳೆಯ ಪ್ಲಾಸ್ಟಿಕ್ ಕವರಿನಲ್ಲಿ ಉಳಿದಿದ್ದ ಬಿಲ್ಲೆಗಳಲ್ಲಿ ಒಂದು.

"ಇಲ್ಲದ ಗಿಡಕ್ಕೂ ನಂಬರಾ?" ಹಗ್ಗದ ಹೊರಗಿನಿಂದ ರೈಟರ್ ಕೇಳಿದರು.

"ಇದೆ," ಎಂದರು ಅಜ್ಜಿ. "ಮಲ್ಗಿದೆ. ನೀವು ಸುಮ್ನಿರಿ."

ಅವಳು ಹಾಳೆಯ ಮೇಲೆ ಕೊನೆಯ ಚುಕ್ಕಿ ಇಟ್ಟಳು.